ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ ಮಾರಿದರೆ ಲಾಭ ಇದೆಯಾ? ಅಕ್ಕಪಕ್ಕದವರು ತಕರಾರು ತೆಗೀತಾರಾ?

ಬೆಳಗಾವಿಯಲ್ಲಿ ಹಳೆ ಹಂಚಿನ ಮನೆಯೊಂದು ಮಾರಾಟಕ್ಕಿದೆ, ಅದನ್ನು ಕೊಂಡು ಚೆಂದ ಮಾಡಿ ವರ್ಷದೊಳಗೆ ಮಾರಬೇಕು ಅಂತ ಬರೆದಿದ್ದೀರಿ. ಲಾಭ ಎಷ್ಟು ಬರಬಹುದು, ನೆರೆಯವರು ಅಡ್ಡ ಬರುತ್ತಾರಾ ಅಂತ ಕೇಳಿದ್ದೀರಿ. ನಾನು ಈ ಕೆಲಸ ಒಂದೇ ಒಂದು ಸಲ ಮಾಡಿದ್ದೇನೆ, ಬೆಳಗಾವಿಯದೇ ನೇಕಾರರ ಬಡಾವಣೆ ವಡಗಾವಿಯಲ್ಲಿ. ನೆರೆಯವರು ನನಗೆ ಅಡ್ಡ ಬರಲಿಲ್ಲ. ನಾನೇ ಅವರಿಗೆ ಅಡ್ಡ ಹೋದೆ ಅನ್ನಬೇಕು.

ಮೊದಲು ದುಡ್ಡಿನ ಲೆಕ್ಕ. 2021ರ ನವೆಂಬರಿನಲ್ಲಿ 31 ಲಕ್ಷಕ್ಕೆ ಕೊಂಡೆ. 14 ಫೂಟು ಅಗಲ, 60 ಫೂಟು ಉದ್ದ, ರೈಲು ಡಬ್ಬಿಯಂಥ ಮನೆ. ಮುದ್ರಾಂಕ ಶುಲ್ಕ, ಸೆಸ್ಸು, ನೋಂದಣಿ ಎಲ್ಲ ಸೇರಿ 2 ಲಕ್ಷ ದಾಟಿತು. ಆಗ ನೋಂದಣಿ ಶುಲ್ಕ 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ, ನಿಮ್ಮ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಿ. ರಿಪೇರಿಗೆ 11 ಲಕ್ಷ. 2023ರ ಜನವರಿಯಲ್ಲಿ 52 ಲಕ್ಷಕ್ಕೆ ಮಾರಿದೆ. ಎಂಟು ಲಕ್ಷ ಉಳೀತು ಅಂತ ಊರಿಗೆಲ್ಲ ಹೇಳಿಕೊಂಡೆ. ಆದರೆ 15 ಲಕ್ಷ ಸಾಲದ ಬಡ್ಡಿ 14 ತಿಂಗಳಿಗೆ 2 ಲಕ್ಷ 10 ಸಾವಿರ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ ಏಜೆಂಟರಿಗೆ ಕೊಟ್ಟದ್ದು 83 ಸಾವಿರ. ಪಕ್ಕದ ಮನೆಯ ಗೋಡೆಗೆ 1 ಲಕ್ಷ 60 ಸಾವಿರ. ಕೊನೆಗೆ ಉಳಿದದ್ದು ಮೂರೂವರೆ ಲಕ್ಷಕ್ಕೂ ಸ್ವಲ್ಪ ಕಡಿಮೆ. 24 ತಿಂಗಳೊಳಗೆ ಮಾರಿದ್ದರಿಂದ ಅದು ಅಲ್ಪಾವಧಿ ಲಾಭ. ನೇರವಾಗಿ ಆ ವರ್ಷದ ಆದಾಯಕ್ಕೆ ಸೇರಿ, ಆದಾಯ ತೆರಿಗೆಯ ಹಂತದ (ಸ್ಲ್ಯಾಬ್) ಪ್ರಕಾರ ತೆರಿಗೆ ಬಿತ್ತು.

ಆ ಗೋಡೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಗೂ ಅಂಥದ್ದೇ ಗೋಡೆ ಇರುವ ಸಾಧ್ಯತೆ ಜಾಸ್ತಿ.

ವಡಗಾವಿ, ಶಹಾಪುರ, ಖಾಸಬಾಗದ ಹಳೆ ಗಲ್ಲಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಒಂದೇ ಮಣ್ಣಿನ ಗೋಡೆ, ಎರಡು ಫೂಟು ದಪ್ಪ. ಕಾಗದದಲ್ಲಿ ಸಾಮಾಯಿಕ ಗೋಡೆ, ಅಂದರೆ ಇಬ್ಬರಿಗೂ ಸೇರಿದ್ದು, ಅಂತ ಬರೆದಿರುತ್ತಾರೆ. ಈ ಕಡೆಯವರ ತೊಲೆಯೂ ಅದರ ಮೇಲೆ, ಆ ಕಡೆಯವರ ತೊಲೆಯೂ ಅದರ ಮೇಲೆ. ಎರಡೂ ಕಡೆ ಹಂಚು ಇರೋತನಕ ಗೋಡೆಯ ತಲೆ ಒಣಗಿರುತ್ತದೆ, ನೂರು ವರ್ಷವಾದರೂ ಅಲುಗುವುದಿಲ್ಲ. ಒಂದು ಕಡೆಯವರು ಮಾಡು ಬಿಚ್ಚಿದರೆ ತಲೆ ಬಯಲಾಗುತ್ತದೆ. ಮಣ್ಣಿನ ಗೋಡೆ ಕೆಳಗಿನಿಂದ ಬರೋ ಹಸಿಯನ್ನು ತಡೆದುಕೊಂಡೀತು, ತಲೆಯ ಮೇಲೆ ನೀರು ಬಿದ್ದರೆ ಮಾತ್ರ ಕರಗುತ್ತದೆ.

ನನಗೆ ಸಾಲ ತಡವಾಯಿತು, ಗೌಂಡಿ (ಗಾರೆ ಕೆಲಸದವ) ಇನ್ನೂ ತಡವಾದ. ಹಂಚು ಇಳಿಸೋಕೆ ಶುರು ಮಾಡಿದ್ದು 2022ರ ಮೇ ಎರಡನೇ ವಾರ. ಪಕ್ಕದ ಮನೆಯ ಕಾಕಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಏ ತಮ್ಮಾ, ಈಗ್ಯಾಕ ಹಂಚ ಇಳಸಾಕತ್ತಿ? ಮಿರಗ ಕೂಡಾಕ ಬಂತಲ್ಲ," ಅಂದರು. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡೋದು ಜೂನ್ 7ರ ಸುಮಾರಿಗೆ, ಇನ್ನೂ ಮೂರು ವಾರ ಇದೆ, ಅಷ್ಟರಲ್ಲಿ ಸ್ಲ್ಯಾಬ್ ಹಾಕಿಬಿಡುತ್ತೇನೆ ಕಾಕಾ ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಗಲ್ಲಿಯ ಹಿರಿಯರು ಎರಡನೇ ಸಲ ಹೇಳುವವರಲ್ಲ, ನೆನಪಿಟ್ಟುಕೊಳ್ಳಿ.

ಆ ವರ್ಷ ಮೇ ಮೂರನೇ ವಾರದಲ್ಲೇ ಮಳೆ ಹಿಡಿಯಿತು. ಗೋಡೆ ಮೇಲೆ ತಾಡಪತ್ರಿ ಹೊದಿಸಿ ಇಟ್ಟಂಗಿ ಹೇರಿ ಬಂದಿದ್ದೆ. ರಾತ್ರಿ ಗಾಳಿಗೆ ಅದು ಹಾರಿಹೋಯಿತು. ಬೆಳಿಗ್ಗೆ ಆರಕ್ಕೆ ಫೋನು. ಹೋಗಿ ನೋಡಿದರೆ ಗೋಡೆಯ ಮೇಲಿನ ಭಾಗ ಮೂರು ಫೂಟಿನಷ್ಟು ಕುಸಿದು ಅವರ ಅಡಿಗೆಮನೆಯೊಳಗೆ ಬಿದ್ದಿದೆ. ಅಡಿಗೆ ಕಟ್ಟೆ ತುಂಬ ಕೆಂಪು ರಾಡಿ. ಹಿಟ್ಟಿನ ಡಬ್ಬಿ ಮುಚ್ಚಳ ತೆರೆದು ಬಿದ್ದಿತ್ತು, ಜೋಳದ ಹಿಟ್ಟು ಮಣ್ಣಿನ ಜೊತೆ ಕಲಸಿಹೋಗಿತ್ತು. ಕಾಕಾನ ಹೆಂಡತಿ ಕಾಕು ಬೈಯಲಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದು ತೊಳೆಯುತ್ತಿದ್ದರು. ನಾನೂ ಎರಡು ಪಾತ್ರೆ ಎತ್ತಿಕೊಂಡು ಹೋದೆ, ಬೇಡ ಅಂತ ಕೈಯಿಂದ ತೆಗೆದುಕೊಂಡರು. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟೇ ಪುಣ್ಯ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಣ್ಣಿನ ಮನೆ ಬಿದ್ದವು ಅಂತ ಕಣ್ಣಾರೆ ನೋಡಿದ್ದವನು ನಾನು. ಆದರೂ ಹೀಗೆ ಮಾಡಿದೆ.

ಪೂರ್ತಿ ಗೋಡೆ ಇಳಿಸಿ, ಇಟ್ಟಂಗಿಯಲ್ಲಿ ಕಟ್ಟಿಸಿ, ಅವರ ಅಡಿಗೆಮನೆಗೆ ಗಿಲಾವು (ಪ್ಲಾಸ್ಟರ್) ಮಾಡಿಸಿ ಕೊಟ್ಟೆ. ಎರಡು ತಿಂಗಳು ಅವರು ಪಡಸಾಲೆಯಲ್ಲಿ ಸ್ಟವ್ ಇಟ್ಟುಕೊಂಡು ಅಡಿಗೆ ಮಾಡಿದರು.

ಗಿಲಾವು ಅಂದಾಗ ಇನ್ನೊಂದು ನೆನಪಾಯಿತು. ಗೋಡೆ ಗಟ್ಟಿ ಇದೆ, ಬೀಳಿಸೋದು ಬೇಡ ಅಂತ ನೀವು ನಿರ್ಧರಿಸಿದರೂ, ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಪುಟ್ಟಿ ಬಳಿಯಬೇಡಿ. ಫೋಟೋಕ್ಕೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಗೋಡೆ ಒಳಗಿನ ಹಸಿ ನಿಮ್ಮ ಕಡೆ ಆರಲು ದಾರಿ ಇರುವುದಿಲ್ಲ. ಅದು ಪಕ್ಕದವರ ಕಡೆ ಹೊರಡುತ್ತದೆ. ನೀವು ಮಾರಿ ಹೋದ ಮೊದಲನೇ ಮಳೆಗಾಲದಲ್ಲಿ ಅವರ ಸುಣ್ಣ ಉದುರೋಕೆ ಶುರುವಾಗುತ್ತದೆ. ನಮ್ಮ ಗೋಡೆಗೆ ಏನಾಯಿತಪ್ಪ ಅಂತ ಅವರು ತಲೆ ಕೆಡಿಸಿಕೊಳ್ಳುತ್ತಾರೆ, ಕಾರಣ ನಿಮ್ಮ ಪುಟ್ಟಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸುಣ್ಣದ ಗಾರೆಯಾದರೆ ಹಸಿ ಆರುತ್ತದೆ. ಅದನ್ನು ಮಾಡಬಲ್ಲ ಗೌಂಡಿ ಈಗಲೂ ಸಿಗುತ್ತಾರೆ, ಹುಡುಕಬೇಕಷ್ಟೆ.

ಕಾನೂನಿನ ಮಾತು ಚಿಕ್ಕದಾಗಿ. ಸಿಟಿಎಸ್ ಉತಾರ, ಅಂದರೆ ನಗರ ಸರ್ವೆಯ ದಾಖಲೆ, ತೆಗೆಸಿ, ನಕ್ಷೆಯಲ್ಲಿ ಗೋಡೆ ಯಾರ ಕಡೆ ಇದೆ, ಅರ್ಧರ್ಧ ಇದೆಯಾ ನೋಡಿ. ಪಕ್ಕದವರ ಕಿಟಕಿ ನಿಮ್ಮ ಹಿತ್ತಲಿಗೆ ತೆರೆದಿದ್ದು, 20 ವರ್ಷ ಯಾರ ತಡೆಯೂ ಇಲ್ಲದೆ ಅಲ್ಲಿಂದ ಬೆಳಕು ಗಾಳಿ ಪಡೆದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಅದು ಅವರ ಹಕ್ಕು. ಅದಕ್ಕೆ ಅಡ್ಡವಾಗಿ ಬಾತ್‌ರೂಮ್ ಎಬ್ಬಿಸೋ ಪ್ಲಾನ್ ಇದ್ದರೆ ಈಗಲೇ ಬಿಟ್ಟುಬಿಡಿ.

ಇನ್ನು ಎಡಗಡೆಯ ಮನೆ. ಅಲ್ಲಿ ಎರಡು ಪವರ್‌ಲೂಮ್ ಇವೆ. ವಡಗಾವಿ ಅಂದಮೇಲೆ ಇರಲೇಬೇಕಲ್ವಾ, ಅರ್ಧ ಊರು ಸೀರೆ ನೇಯ್ದೇ ಬೆಳೆದದ್ದು. ಬೆಳಿಗ್ಗೆ ಏಳಕ್ಕೆ ಶುರುವಾದರೆ ರಾತ್ರಿ ಹತ್ತರವರೆಗೆ ಖಟ್ ಖಟ್ ಖಟ್. ಅಲ್ಲೇ ಹುಟ್ಟಿದವರಿಗೆ ಅದು ಕೇಳಿಸುವುದೇ ಇಲ್ಲ. ನಿಂತರೆ ಮಾತ್ರ ಎಚ್ಚರವಾಗುತ್ತದೆ.

ಮನೆ ತಯಾರಾದಾಗ ನೋಡಲು ಬಂದ ಮೊದಲ ಇಬ್ಬರು ಆ ಸದ್ದು ಕೇಳಿ ಹತ್ತು ನಿಮಿಷದಲ್ಲಿ ಹೊರಟರು. ಆಮೇಲೆ ನಾನೊಂದು ಬುದ್ಧಿ ಉಪಯೋಗಿಸಿದೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಪೇಪರಿನಲ್ಲಿ ಹೆಸ್ಕಾಂನವರು ದುರಸ್ತಿಗಾಗಿ ಇಡೀ ದಿನ ಕರೆಂಟ್ ಇರುವುದಿಲ್ಲ ಅಂತ ಹಾಕಿದ್ದ ಒಂದು ಭಾನುವಾರ ನೋಡಿ, ಅವತ್ತೇ ಬರಲು ಹೇಳಿದೆ. ಬೇರೆ ಊರಲ್ಲಿ ಕೆಲಸ ಮಾಡುವ ಗಂಡ ಹೆಂಡತಿ, ತಂದೆ ತಾಯಿಗಾಗಿ ಮನೆ ಹುಡುಕುತ್ತಿದ್ದರು. ಗಲ್ಲಿ ಎಷ್ಟು ಶಾಂತ ಇದೆ ಅಂತ ಖುಷಿಪಟ್ಟರು. ನಾನು ಹೂಂ ಅಂದೆ. ನೇಕಾರ ಅಣ್ಣ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ, ಒಂದು ಮಾತೂ ಆಡಲಿಲ್ಲ.

ಮನೆ ಕೊಂಡು ಬಂದ ಎರಡನೇ ವಾರಕ್ಕೆ ಅವರು ನೇಕಾರ ಅಣ್ಣನ ಜೊತೆ ಜಗಳಕ್ಕೆ ನಿಂತರು. ಮುದುಕರಿಗೆ ನಿದ್ದೆ ಇಲ್ಲ, ಬಿಪಿ ಏರುತ್ತಿದೆ ಅಂತ. ಅವರ ಮಾತೂ ಸುಳ್ಳಲ್ಲ. ಪೊಲೀಸರವರೆಗೆ ಹೋಯಿತು. ಅಣ್ಣ ಮಗ್ಗದ ಕಾಲಿಗೆ ರಬ್ಬರ್ ಹಾಕಿದ, ಕಿಟಕಿ ಮುಚ್ಚಿದ, ಕೊನೆಗೆ ರಾತ್ರಿ ಎಂಟಕ್ಕೆ ನಿಲ್ಲಿಸೋದು ಅಂತ ಒಪ್ಪಂದವಾಯಿತು. ದಿನಕ್ಕೆ ಎರಡು ತಾಸಿನ ನೇಯ್ಗೆ ಹೋಯಿತು. ಸೀರೆ ಲೆಕ್ಕದಲ್ಲಿ ಮಜೂರಿ ಪಡೆಯುವ ಮನೆಗೆ ಎರಡು ತಾಸು ಅಂದರೆ ಸಣ್ಣದಲ್ಲ. ಮೂವತ್ತು ವರ್ಷದಿಂದ ಇದ್ದ ಮಗ್ಗ, ತಿಂಗಳ ಹಿಂದೆ ಬಂದ ಮನೆ. ಇಬ್ಬರ ನಡುವೆ ಜಗಳ ತಂದಿಟ್ಟವನು ನಾನು, ಲಾಭ ಎಣಿಸಿಕೊಂಡು ಬೇರೆ ಬಡಾವಣೆಯಲ್ಲಿ, ಹಿಂದವಾಡಿಯಲ್ಲಿ ಕೂತಿದ್ದೆ.

ಇನ್ನೊಂದು ಪರಿಣಾಮವನ್ನು ನಾನು ಊಹಿಸಿಯೇ ಇರಲಿಲ್ಲ. 52 ಲಕ್ಷ ಅನ್ನೋ ಸುದ್ದಿ ಗಲ್ಲಿಗೆ ಹಬ್ಬಿತು. ಎದುರು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಒಬ್ಬನೇ ಅಲ್ಲಿ ವಾಸ, ಇಬ್ಬರು ಹೊರಗೆ. ಅಲ್ಲಿಯತನಕ ಸುಮ್ನೆ ಇದ್ದವರು ವಾಟ್ನಿ (ಪಾಲು) ಮಾಡು, ಮಾರಿ ದುಡ್ಡು ಕೊಡು ಅಂತ ಬಂದರು. ಆಚೆ ಬಾಡಿಗೆ ಮನೆಯವರಿಗೆ ಬಾಡಿಗೆ ಏರಿತು. ಇದಕ್ಕೆಲ್ಲ ನಾನೇ ಕಾರಣ ಅನ್ನೋಕಾಗಲ್ಲ, ಒಂದಲ್ಲ ಒಂದು ದಿನ ಆಗುತ್ತಿತ್ತು. ಆದರೆ ಆ ಗಲ್ಲಿಯಲ್ಲಿ ಹೋದರೆ ಈಗಲೂ ಒಬ್ಬಿಬ್ಬರು ಮುಖ ತಿರುಗಿಸುತ್ತಾರೆ.

ಕಾಕಾ ಮಾತ್ರ ಚಹಾಕ್ಕೆ ಕರೆಯುತ್ತಾರೆ. ಹೊಸ ಗೋಡೆ ಬಂದ ಮೇಲೆ ಅಡಿಗೆಮನೆಯಲ್ಲಿ ಇಲಿ ಇಲ್ಲವಂತೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ: ಲಾಭ ಇದೆ, ನೀವು ಅಂದುಕೊಂಡದ್ದರ ಅರ್ಧ. ಮುಂಗಡ ಕೊಡುವ ಮುಂಚೆ, ಭಾನುವಾರ ಬಿಟ್ಟು ಬೇರೆ ಒಂದು ದಿನ, ಕರೆಂಟ್ ಇರುವಾಗ, ಎರಡೂ ಪಕ್ಕದ ಮನೆಗೆ ಹೋಗಿ ಅರ್ಧ ತಾಸು ಕೂತು ಬನ್ನಿ. ಗೋಡೆಯ ಆ ಕಡೆಯ ಫೋಟೋ ಅವರೆದುರೇ ತೆಗೆದು ಇಬ್ಬರ ಹತ್ತಿರವೂ ಇಟ್ಟುಕೊಳ್ಳಿ. ಮುಂದೆ ಬಿರುಕು ಹಳೆಯದಾ ಹೊಸದಾ ಅನ್ನೋ ವಾದ ಬರಲ್ಲ. ಅವರ ಗೋಡೆಗೆ ಅಂತ ಒಂದೂವರೆ ಲಕ್ಷ ಮೊದಲೇ ಬೇರೆ ತೆಗೆದಿಡಿ. ಮಣ್ಣಿನ ಗೋಡೆಯಾದರೆ ದೀಪಾವಳಿ ಮುಗಿದ ತಕ್ಷಣ ಹಂಚು ಇಳಿಸಿ, ಮಾರ್ಚ್‌ನೊಳಗೆ ಮಾಡು ಮುಚ್ಚಿ. ಆಗದಿದ್ದರೆ ಮುಂದಿನ ವರ್ಷಕ್ಕೆ ತಳ್ಳಿ, ಬಡ್ಡಿ ಹೋದರೂ ಹೋಗಲಿ. ಮನೆ ಯಾವ ಗಲ್ಲಿಯಲ್ಲಿದೆ ಅಂತ ಬರೆಯಿರಿ, ವಡಗಾವಿ ಕಡೆಯಾದರೆ ನಾನೇ ಬಂದು ಗೋಡೆ ನೋಡುತ್ತೇನೆ.