ಎಸಿಎಲ್ ಆಪರೇಷನ್ ಆದ ಮೊಣಕಾಲಿಗೆ ಕರೆಂಟ್ ಕೊಡಿಸುವುದಾ, ಎಣ್ಣೆ ತಿಕ್ಕಿಸುವುದಾ, ಅಲ್ಲ ರೆಸ್ಟ್ ಸಾಕಾ?

ವಾಲಿಬಾಲ್ ಆಡುವಾಗ ಎಸಿಎಲ್ (ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ಕಟ್ಟುನಾರು) ಹರಿದು, ಮಂಗಳೂರಲ್ಲಿ ಆಪರೇಷನ್ ಆಗಿ ಮೂರು ವಾರ, ಈಗ ಪೆರ್ಲದ ಮನೆಯಲ್ಲಿ ರೆಸ್ಟ್ ಅಂತ ಬರೆದಿದ್ದೀರಿ. ಫಿಸಿಯೋಥೆರಪಿಯಲ್ಲಿ ಕೊಡುವ ಕರೆಂಟ್ ಒಳ್ಳೆಯದಾ ಎಣ್ಣೆ ಒಳ್ಳೆಯದಾ ಅನ್ನುವುದು ನಿಮ್ಮ ಪ್ರಶ್ನೆ. ಅದು ಇರಲಿ. ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೀರಲ್ಲ, "ಮೊಣಕಾಲಿನ ಅಡಿಗೆ ದಿಂಬು ಇಟ್ಟರೆ ನೋವೇ ಇಲ್ಲ, ಚೆನ್ನಾಗಿ ನಿದ್ದೆ ಬರುತ್ತದೆ" ಅಂತ. ಆ ದಿಂಬು ತೆಗೆಯಿರಿ ಮಾರಾಯ್ರೆ. ತೆಗೆದು ಆಮೇಲೆ ಮುಂದೆ ಓದಿ.

ನನ್ನದು ಕಬಡ್ಡಿ. ಸೀತಾಂಗೋಳಿ ಹತ್ತಿರದ ಒಂದು ಕ್ಲಬ್ಬಿನಲ್ಲಿ ರೈಡರ್ ಆಗಿದ್ದೆ. ನಮ್ಮ ಕಡೆ ಮಳೆ ಬಿಟ್ಟ ಮೇಲೆ ಶನಿವಾರ ರಾತ್ರಿ ಎಲ್ಲಾದರೂ ಒಂದು ಕಡೆ ಲೈಟ್ ಹಾಕಿ ಮ್ಯಾಟ್ ಹಾಸಿಯೇ ಇರುತ್ತಾರೆ, ನಿಮಗೆ ಗೊತ್ತೇ ಉಂಟು. ಅಂಥದ್ದೇ ಒಂದು ರಾತ್ರಿ ಬೋನಸ್ ಗೆರೆ ದಾಟಿ ಹಿಂದೆ ತಿರುಗುವಾಗ ಬಲಗಾಲು ಮ್ಯಾಟಿನಲ್ಲೇ ನಿಂತುಬಿಟ್ಟಿತು, ಮೈ ಮಾತ್ರ ತಿರುಗಿತು. ಯಾರೂ ಹಿಡಿದಿರಲಿಲ್ಲ. ಒಳಗೆ "ಟಕ್" ಅಂದದ್ದು ನನಗೇ ಕೇಳಿಸಿತು. ಎಸಿಎಲ್ ಬಹಳ ಸಲ ಹರಿಯುವುದು ಹೀಗೇ, ಯಾರ ಪೆಟ್ಟೂ ಬೀಳದೆ. ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ಊದಿ ಚಿಪ್ಪು ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ.

ಮೊದಲು ಹೋದದ್ದು ಕಳರಿ ಗುರುಕ್ಕಳ್ ಹತ್ತಿರ, ಅಂದರೆ ಕಳರಿಪಯಟ್ಟು ಕಲಿಸುವ, ಪೆಟ್ಟಿಗೆ ಎಣ್ಣೆ ಹಾಕುವ ಗುರುಗಳ ಹತ್ತಿರ. ಎಣ್ಣೆ ಹಾಕಿ ಕಟ್ಟಿದರು. ಊತ ಇಳಿಯಿತು, ನಡೆದೆ, ಬೈಕನ್ನೂ ಓಡಿಸಿದೆ. ಆದರೆ ತೋಟದಲ್ಲಿ ಕಣಿ (ನೀರು ಹೋಗುವ ಕಾಲುವೆ) ದಾಟುವಾಗ ಮೊಣಕಾಲು ಜಾರಿದ ಹಾಗೆ ಆಗಿ ಬಿದ್ದೆ. ಎಂಆರ್‌ಐ ತೆಗೆಸಿದಾಗ ಎಸಿಎಲ್ ಪೂರ್ತಿ ಹರಿದಿತ್ತು. ಆಪರೇಷನ್ ಆಯಿತು. ತೊಡೆಯ ಹಿಂದಿನ ಸ್ನಾಯುವಿನ ನಾರು ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಅಲ್ಲಿಗೆ ಎಲ್ಲ ಸರಿಯಾಗಿಯೇ ಆಗಿತ್ತು. ಡಾಕ್ಟರ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಮನೆಯಲ್ಲಿ ಆದದ್ದು.

ಮರುದಿನವೇ ಆಸ್ಪತ್ರೆಯ ಫಿಸಿಯೋ ಬಂದು ಹಿಮ್ಮಡಿಯ ಅಡಿಗೆ ಟವೆಲ್ ಸುತ್ತಿ ಇಟ್ಟರು. "ಮೊಣಕಾಲನ್ನು ಕೆಳಗೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಬಿಡಿ" ಅಂದರು. ಒಂದು ಕಾಗದವನ್ನೂ ಕೊಟ್ಟರು, ಚಿತ್ರ ಸಮೇತ. ಮನೆಗೆ ಬಂದೆ. ಟವೆಲ್ ಇಟ್ಟು ಒತ್ತಿದರೆ ಪ್ರಾಣ ಹೋಗುವಷ್ಟು ನೋವು. ಅಮ್ಮ ನೋಡಲಾರದೆ ಮೊಣಕಾಲಿನ ಅಡಿಗೆ ದಿಂಬು ಇಟ್ಟರು. "ಹೀಗೆ ಇರಲಿ ಮಗಾ, ಮೊದಲು ಗಾಯ ಒಣಗಲಿ." ಆಹಾ, ಆ ಸುಖ! ಕಾಲು ತುಸು ಬಾಗಿದ್ದರೆ ನೋವೇ ಇಲ್ಲ. ಕಾಗದ ಅಲ್ಮೇರಾ ಸೇರಿತು. ನೋಡಲು ಬಂದವರೆಲ್ಲ "ಒಳ್ಳೆ ರೆಸ್ಟ್ ತೆಗೆದುಕೊಳ್ಳುತ್ತಿದ್ದಾನೆ" ಅಂತ ಹೊಗಳಿ ಹೋದರು.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಊದಿದ ಮೊಣಕಾಲಿನ ಒಳಗೆ ನೀರು ತುಂಬಿರುತ್ತದೆ. ಕಾಲು ಸ್ವಲ್ಪ ಬಾಗಿದಾಗ ಒಳಗಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಅದಕ್ಕೇ ಹಿತ. ವಾಸಿಯಾಗುತ್ತಿರುವುದರ ಗುರುತು ಅಲ್ಲ ಅದು. ಅದೇ ಭಂಗಿಯಲ್ಲಿ ವಾರಗಟ್ಟಲೆ ಬಿಟ್ಟರೆ ಹಿಂದಿನ ಸ್ನಾಯುಗಳು ಗಿಡ್ಡವಾಗುತ್ತವೆ, ಮುಂದೆ ಹೊಸ ಲಿಗಮೆಂಟಿನ ಎದುರು ಗಾಯದ ಗಂಟು ಬೆಳೆಯಬಹುದು. ಆಮೇಲೆ ಕಾಲು ಪೂರ್ತಿ ನೇರ ಮಾಡಲು ಹೋದರೆ ಆ ಗಂಟು ಎಲುಬಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕಾಲು ನೇರ ಆಗದಿದ್ದರೆ ತೊಡೆಯ ಮುಂದಿನ ಸ್ನಾಯು ಪೂರ್ತಿ ಬಿಗಿಯಾಗುವುದೇ ಇಲ್ಲ. ಅದು ಮೊದಲೇ ಮಲಗಿರುತ್ತದೆ. ಮೊಣಕಾಲಲ್ಲಿ ನೀರಿದ್ದರೆ ನರಗಳೇ ಆ ಸ್ನಾಯುವಿನ ಸ್ವಿಚ್ ಆಫ್ ಮಾಡುತ್ತವೆ, ನಮ್ಮ ಮನಸ್ಸಿನ ಮಾತು ಅದಕ್ಕೆ ತಲುಪುವುದಿಲ್ಲ. ಇನ್ನು ಬಾಗಿದ ಕಾಲಲ್ಲೇ ನಡೆದರೆ ಕುಂಟು. ಕುಂಟಿದರೆ ಚಿಪ್ಪಿನ ಹಿಂದೆ ನೋವು, ಸೊಂಟ ನೋವು. ಬಗ್ಗುವುದು ಸ್ವಲ್ಪ ತಡವಾದರೂ ಹೆಚ್ಚಾಗಿ ಆಮೇಲೆ ಬರುತ್ತದೆ. ನೇರ ಆಗುವುದು ಮೊದಲ ವಾರಗಳಲ್ಲಿ ಬರಲಿಲ್ಲ ಅಂದರೆ ತರುವುದು ಬಹಳ ಕಷ್ಟ. ಇಷ್ಟೂ ಆ ಒಂದು ದಿಂಬಿನಿಂದ ನನಗೆ ಆಯಿತು.

ಡಾಕ್ಟರ ಹತ್ತಿರ ವಾಪಸ್ ಹೋಗುವಾಗ ಕಾಲು ನೇರ ಆಗದೆ ಅಲ್ಲೇ ಸಿಕ್ಕಿಕೊಂಡಿತ್ತು. ಫಿಸಿಯೋ ಎಷ್ಟೋ ದಿನ ಪ್ರಯತ್ನಪಟ್ಟರು, ನೇರ ಆಗಲಿಲ್ಲ. ಕೊನೆಗೆ ಗಂಟು ತೆಗೆಯಲು ಇನ್ನೊಂದು ಕೀಹೋಲ್ ಆಪರೇಷನ್. ಆ ವರ್ಷ ಸ್ಪೋರ್ಟ್ಸ್ ಕೋಟಾದ ಒಂದು ಟ್ರಯಲಿಗೆ ನನ್ನ ಹೆಸರಿತ್ತು. ನನ್ನ ಬದಲು ನಮ್ಮದೇ ತಂಡದ ಲೆಫ್ಟ್ ಕಾರ್ನರ್ ಹುಡುಗ ಹೋದ. ಅವನು ಈಗ ಸರಕಾರಿ ಸಂಬಳದಲ್ಲಿದ್ದಾನೆ. ನಾನು ಅಡಿಕೆ ಸುಲಿಸುತ್ತಿದ್ದೇನೆ.

ಎರಡನೇ ಆಪರೇಷನ್ ಆದ ಮೇಲೆ ಸಿಕ್ಕಿದವರು ಕಾಸರಗೋಡು ಪೇಟೆಯ ಒಬ್ಬ ಫಿಸಿಯೋ ಮೇಡಂ. ಮಲಯಾಳಿ, ಕನ್ನಡ ನಮ್ಮೂರವರ ಹಾಗೇ ಮಾತಾಡುತ್ತಾರೆ. ಮೊದಲ ದಿನ ಯಾವ ಮಿಷನ್ನೂ ಮುಟ್ಟಲಿಲ್ಲ. ಮಲಗಿಸಿ ಎರಡೂ ಮೊಣಕಾಲಿನ ಅಡಿಗೆ ಕೈಬೆರಳು ತೂರಿಸಿದರು. ಎಡಗಾಲಿನ ಅಡಿಗೆ ಒಂದು ಬೆರಳೂ ಹೋಗಲಿಲ್ಲ. ಬಲಗಾಲಿನ ಅಡಿಗೆ ಎರಡು ಸಲೀಸಾಗಿ ಹೋದವು. "ಈ ಎರಡು ಬೆರಳು ಹೊರಗೆ ಬರುವವರೆಗೆ ಕಬಡ್ಡಿಯ ಮಾತು ಬೇಡ" ಅಂದರು. ಆಮೇಲೆ ಚಿಪ್ಪಿನ ಮೇಲೆ ಬೆರಳಿಟ್ಟು ತೊಡೆ ಬಿಗಿ ಮಾಡಲು ಹೇಳಿದರು. ಹಲ್ಲು ಕಚ್ಚಿ ಮಾಡಿದೆ. ಹೊಟ್ಟೆ ಬಿಗಿಯಾಯಿತು, ಕುತ್ತಿಗೆ ಬಿಗಿಯಾಯಿತು, ತೊಡೆ ಹಾಗೇ ಬಿದ್ದಿತ್ತು. ಚಿಪ್ಪು ಒಂದು ನೂಲಿನಷ್ಟೂ ಮೇಲೆ ಸರಿಯಲಿಲ್ಲ. ಅದೇ ತೊಡೆಯಿಂದ ಮೂರು ಜನರನ್ನು ಎಳೆದುಕೊಂಡು ಗೆರೆ ಮುಟ್ಟಿದವನು ನಾನು!

ನೀವು ಕೇಳಿದ ಕರೆಂಟ್ ಆಗ ಬಂತು. ಆದರೆ ನೀವು ಅಂದುಕೊಂಡ ಹಾಗೆ ಅಲ್ಲ. ಸಾಮಾನ್ಯವಾಗಿ ಕೊಡುವ ಐಎಫ್‌ಟಿ ಅನ್ನುವ ಜುಮ್ಮೆನ್ನುವ ಕರೆಂಟ್, ಮೇಣದ ಶಾಖ ಇವೆಲ್ಲ ನೋವು ಸ್ವಲ್ಪ ಕಡಿಮೆ ಮಾಡುತ್ತವೆ, ಅಷ್ಟೇ. ಸ್ನಾಯುವಿಗೆ ಬಲ ತರುವುದಿಲ್ಲ. ಮೇಡಂ ಕೊಟ್ಟದ್ದು ಸ್ನಾಯುವನ್ನೇ ಬಿಗಿಯುವ ಕರೆಂಟ್. ಅದು ಬಂದಾಗ ತೊಡೆ ತಾನಾಗಿ ಎದ್ದು ನಿಲ್ಲುತ್ತದೆ, ನಾವೂ ಜೊತೆಗೆ ಬಿಗಿ ಮಾಡಬೇಕು. ಹಾಗೆ ಮಾಡಿ ಮಾಡಿ ತೊಡೆಗೆ ನೆನಪು ಬಂತು.

ಆದ್ದರಿಂದ ಕರೆಂಟಾ, ಎಣ್ಣೆಯಾ, ರೆಸ್ಟಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರರಲ್ಲೂ ನೀವು ಮಲಗಿರುತ್ತೀರಿ. ಕ್ರೀಡಾ ಫಿಸಿಯೋಥೆರಪಿ ಅಂದರೆ ಬೆವರು ಸುರಿಯುವ ಕೆಲಸ, ಸುರಿಸಬೇಕಾದವರು ನೀವು. ಮಂಚದಲ್ಲಿ ಮಲಗಿಸಿ ವಯರ್ ಅಂಟಿಸಿ ಪಕ್ಕದ ರೋಗಿಯ ಹತ್ತಿರ ಹೋಗುವ ಜಾಗಕ್ಕೆ ದುಡ್ಡು ಹಾಕಬೇಡಿ. ಎಣ್ಣೆ ಬೇಕಿದ್ದರೆ ಮುಂದೆ ಯಾವಾಗಾದರೂ ಹಾಕಿಸಿಕೊಳ್ಳಿ, ಈಗ ಹೊಲಿಗೆಯ ಆಸುಪಾಸು ಯಾರೂ ತಿಕ್ಕುವುದು ಬೇಡ. ನಮ್ಮ ಗುರುಕ್ಕಳ್ ಬಗ್ಗೆ ನನಗೆ ಗೌರವ ಉಂಟು. ಆದರೆ ಪೂರ್ತಿ ಹರಿದ ಎಸಿಎಲ್ ಎಣ್ಣೆಯಿಂದ ಕೂಡುವುದಿಲ್ಲ.

ಕಾಲು ನೇರ ಆದ ಮೇಲೆ ಮೆಟ್ಟಿಲು ಶುರುವಾಯಿತು. ಮನೆಯ ಎದುರಿನ ಕೆಂಪುಕಲ್ಲಿನ ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯುವುದು. ಸುಲಭ ಅಂದುಕೊಂಡೆ. ತಮ್ಮ ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿದರೆ, ಇಳಿಯುವಾಗ ಪ್ರತಿ ಸಲವೂ ಮೊಣಕಾಲು ಒಳಗಡೆಗೆ ವಾಲುತ್ತಿತ್ತು. ಹರಿದ ದಿನವೂ ಅದು ಹಾಗೇ ವಾಲಿದ್ದಿರಬೇಕು. ತಪ್ಪು ಮೊಣಕಾಲಿನಲ್ಲಿ ಮಾತ್ರ ಇರಲಿಲ್ಲ, ಕುಂಡೆಯ ಸ್ನಾಯುವಿಗೂ ಬಲ ಇರಲಿಲ್ಲ. ಅದನ್ನು ಸರಿ ಮಾಡಲಿಕ್ಕೇ ತಿಂಗಳುಗಳು ಹೋದವು. ಆಮೇಲೆ ಜಿಗಿತ. ನೀವು ವಾಲಿಬಾಲಿನವರು, ಇದು ನಿಮಗೆ ಜಾಸ್ತಿ ಬೇಕು. ಹಾರುವುದಕ್ಕಿಂತ ನೆಲಕ್ಕೆ ಬರುವುದನ್ನು ಕಲಿಯಬೇಕು. ಮೇಡಂ ಬೆನ್ನು ಹಾಕಿ ನಿಲ್ಲುತ್ತಿದ್ದರು. ನಾನು ಇಳಿದ ಸದ್ದು ಅವರಿಗೆ ಕೇಳಿಸಿದರೆ ಆ ಜಿಗಿತ ಲೆಕ್ಕಕ್ಕಿಲ್ಲ.

ಯಾವಾಗ ಆಡಬಹುದು ಅಂತಲೂ ಕೇಳಿದ್ದೀರಿ. ನೋವು ಹೋದಾಗ ಅಲ್ಲ. ಕೂರಿಸಿದ ನಾರಿಗೆ ರಕ್ತ ಓಡಾಟ ನಿಧಾನಕ್ಕೆ ಬರುತ್ತದೆ. ಮೊದಲ ಕೆಲವು ತಿಂಗಳಲ್ಲಿ ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲ ಆಗಿ, ಆಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ವಿಚಿತ್ರ ಏನೆಂದರೆ ನಮಗೆ ನೋವು ಹೋಗಿ ಹುರುಪು ಬರುವುದೂ ಸರಿಯಾಗಿ ಆ ಹೊತ್ತಿಗೇ. 2016ರಲ್ಲಿ ಪ್ರಕಟವಾದ, ನಾರ್ವೆ ಮತ್ತು ಅಮೆರಿಕದ ಸಂಶೋಧಕರ ಒಂದು ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಾಗಲೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತಿದ್ದದ್ದು ಕಂಡುಬಂತು. ಅಂದರೆ ಕಡಿಮೆ ಅಂದರೂ 9 ತಿಂಗಳು. ಅಷ್ಟಾದರೂ ಸಾಲದು, ಪರೀಕ್ಷೆ ಪಾಸಾಗಬೇಕು. ಒಂಟಿ ಕಾಲಲ್ಲಿ ಉದ್ದಕ್ಕೆ ಹಾರುವುದು, ಮೂರು ಸಲ ಸತತ ಹಾರುವುದು, ಗೆರೆಯ ಆಚೆ ಈಚೆ ಹಾರುವುದು, 6 ಮೀಟರ್ ದೂರವನ್ನು ಎಷ್ಟು ಬೇಗ ಕುಪ್ಪಳಿಸಿ ದಾಟುತ್ತೀರಿ ಅನ್ನುವುದು, ತೊಡೆಯ ಬಲ. ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಕನಿಷ್ಠ 90 ಶೇಕಡಾ ಮುಟ್ಟಬೇಕು. ಇದರಲ್ಲೂ ಒಂದು ಮೋಸ ಉಂಟು. ತಿಂಗಳುಗಟ್ಟಲೆ ಕೂತು ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ 90 ಶೇಕಡಾ ಅಂದರೆ ಏನೂ ಅಲ್ಲ. ಅದಕ್ಕೆ ಈಗಿನಿಂದಲೇ ಒಳ್ಳೆಯ ಕಾಲಿಗೂ ಕೆಲಸ ಕೊಡಿ.

ನಿಮ್ಮ ಮನೆಯಲ್ಲೂ ಯಾರಾದರೂ ಕುಂಬ್ಳೆಯ ಕಥೆ ಹೇಳುತ್ತಾರೆ, ನೋಡಿ. ಅನಿಲ್ ಕುಂಬ್ಳೆ ಮೂಲ ನಮ್ಮ ಕುಂಬಳೆ ಅಲ್ವಾ, ಇಲ್ಲಿ ಪ್ರತಿಯೊಬ್ಬ ಮಾವನ ಬಾಯಲ್ಲೂ ಅದೇ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದರೂ ಬ್ಯಾಂಡೇಜ್ ಕಟ್ಟಿಕೊಂಡು ಬೌಲ್ ಮಾಡಿದರು, ಲಾರಾನ ವಿಕೆಟ್ ತೆಗೆದರು, ನೀನು ಒಂದು ಮೊಣಕಾಲಿಗೆ ಹೀಗೆ ಮಾಡುತ್ತೀಯಲ್ಲ ಅಂತ. ಅದೇ ಮಾವಂದಿರು ಅದರ ಹಿಂದಿನ ವರ್ಷದ್ದನ್ನು ಹೇಳುವುದಿಲ್ಲ. ಭುಜದ ಆಪರೇಷನ್ ಆಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಅವರು ಬಿಡಬೇಕಾಯಿತು. ಆ ಸರಣಿಯ ಪ್ರಸಿದ್ಧ ಈಡನ್ ಗಾರ್ಡನ್ಸ್ ಟೆಸ್ಟ್‌ನಲ್ಲೂ ಕುಂಬ್ಳೆ ಇರಲಿಲ್ಲ. ತಿಂಗಳುಗಟ್ಟಲೆ ಹೊರಗಿದ್ದು ಭುಜ ಸರಿ ಮಾಡಿಕೊಂಡು ಬಂದದ್ದಕ್ಕೇ ಮರುವರ್ಷ ಆ ಓವರುಗಳು ಬಂದವು. ಅದಲ್ಲದೆ ದವಡೆಯಿಂದ ಯಾರೂ ಬೌಲ್ ಮಾಡುವುದಿಲ್ಲ.

ಹೆದರಿಕೆಯ ವಿಷಯ ಒಂದು ಉಳಿಯಿತು. ಪರೀಕ್ಷೆ ಪಾಸಾದ ಮೇಲೂ ಮ್ಯಾಟಿಗೆ ಇಳಿದರೆ ನನ್ನ ಕಾಲು ತಿರುಗಲು ಒಪ್ಪುತ್ತಿರಲಿಲ್ಲ. ಮೇಡಂ ನಮ್ಮ ಹುಡುಗರಲ್ಲಿ ಒಬ್ಬನನ್ನು ಕರೆಸಿ, ಮೊದಲು ಸುಮ್ನೆ ಮುಟ್ಟಲು, ಆಮೇಲೆ ನಡೆಯುವ ವೇಗದಲ್ಲಿ ಪಾದ ಹಿಡಿಯಲು, ಕೊನೆಗೆ ನಿಜವಾಗಿ ಎಳೆಯಲು ಹೇಳಿದರು. ಇದೂ ಚಿಕಿತ್ಸೆಯೇ. ನಾನು ಮತ್ತೆ ಆಡಿದೆ. ಮೊದಲಿನ ವೇಗ ಬರಲಿಲ್ಲ, ಆದರೆ ರೈಡ್‌ಗೆ ಹೋಗಿ ವಾಪಸ್ ಬರುತ್ತಿದ್ದೆ.

ಈಗ ನಿಮ್ಮ ಕೆಲಸ. ಕಾಲು ಎತ್ತರಕ್ಕೆ ಇಡಬೇಕಿದ್ದರೆ ದಿಂಬು ಹಿಮ್ಮಡಿಯ ಅಡಿಗೆ, ಮೊಣಕಾಲು ಗಾಳಿಯಲ್ಲಿ. ಟವೆಲ್ ವ್ಯಾಯಾಮ ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ. ಅದಕ್ಕಿಂತ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿ. ಎಸಿಎಲ್ ಜೊತೆ ಮೆನಿಸ್ಕಸಿಗೂ (ಮೊಣಕಾಲಿನ ಎಲುಬುಗಳ ನಡುವಿನ ಮೆತ್ತೆ) ಹೊಲಿಗೆ ಹಾಕಿದ್ದರೆ ಕಾಲು ಎಷ್ಟು ಬಗ್ಗಿಸಬಹುದು, ಎಷ್ಟು ಭಾರ ಹಾಕಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಕುಂಟು ಪೂರ್ತಿ ಹೋಗದೆ ಊರುಗೋಲು ಬಿಡಬೇಡಿ. ಪೆರ್ಲದಿಂದ ದಿನಾ ಕಾಸರಗೋಡಿಗೋ ಪುತ್ತೂರಿಗೋ ಹೋಗಲು ಆಗುವುದಿಲ್ಲ, ಒಪ್ಪುತ್ತೇನೆ. ದಿನಾ ಬೇಕಾಗಿಯೂ ಇಲ್ಲ. ಈ ವಾರವೇ ಒಂದು ಸಲ ಹೋಗಿ ಎರಡೂ ಕಾಲು ಅಳೆಸಿಕೊಳ್ಳಿ, ಮನೆಯಲ್ಲಿ ಮಾಡುವುದನ್ನು ಬರೆಸಿಕೊಂಡು ಬನ್ನಿ, ವಿಡಿಯೋ ವಾಟ್ಸಾಪ್ ಮಾಡಿ, ಮುಂದಿನ ಹಂತಕ್ಕೆ ಮತ್ತೆ ಹೋಗಿ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ ಫಿಸಿಯೋಗೆ ಕಾಯದೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದ ಹಾಗೆ ಆದರೆ ಫೋನ್ ಮಾಡಿ ಕೂರಬೇಡಿ, ಸೀದಾ ಆಸ್ಪತ್ರೆ.