ಪೈಥಾನ್‌ನಿಂದ ಗ್ರಾಫ್ ಡೇಟಾಬೇಸ್ ಓದಿ, ತಿದ್ದಲು ಸಣ್ಣ ಲೈಬ್ರರಿ ಸಾಕಾ?

ಡೇಟಾ ಇರುವುದು ಫುಸೆಕಿ ಎಂಬ ಗ್ರಾಫ್ ಡೇಟಾಬೇಸ್ ಸರ್ವರ್‌ನಲ್ಲಿ, ದೊಡ್ಡ ಫ್ರೇಮ್‌ವರ್ಕ್ ಬೇಡ ಅಂತ ಕೇಳಿದ್ದೀರಿ. ಹಾಗಾದರೆ ಪೈಥಾನ್‌ನ ಸಣ್ಣ ಲೈಬ್ರರಿ ಸ್ಪಾರ್ಕಲ್‌ರ‍್ಯಾಪರ್ ಧಾರಾಳವಾಗಿ ಸಾಕು. ಅದು ಮಾಡುವುದಿಷ್ಟೇ: ಸ್ಪಾರ್ಕಲ್ ಎಂಬ ಗ್ರಾಫ್ ಕ್ವೆರಿ ಭಾಷೆಯಲ್ಲಿ ನೀವು ಬರೆದ ಕ್ವೆರಿಯನ್ನು ಎಚ್‌ಟಿಟಿಪಿ ಮೂಲಕ ಸರ್ವರ್‌ಗೆ ಕಳಿಸಿ, ಉತ್ತರ ತಂದುಕೊಡುತ್ತದೆ. ಉತ್ತರವನ್ನು ಜೇಸನ್ ರೂಪದಲ್ಲಿ ಕೇಳಿದರೆ ಅದು ಪೈಥಾನ್ ಡಿಕ್ಷನರಿಯಾಗಿ ಕೈಗೆ ಸಿಗುತ್ತದೆ. ಅಂಕಿಗಳೂ ಅದರೊಳಗೆ ಸ್ಟ್ರಿಂಗ್ ಆಗಿಯೇ ಇರುತ್ತವೆ. ಕೂಡಿಸುವ ಮೊದಲು ಬದಲಾಯಿಸಿಕೊಳ್ಳಿ.

ಅಪ್‌ಡೇಟ್‌ಗೆ ವಿಳಾಸವೇ ಬೇರೆ. ಫುಸೆಕಿಯಲ್ಲಿ ಸಾಮಾನ್ಯವಾಗಿ ಓದಲು ಕೊನೆಯಲ್ಲಿ 'ಕ್ವೆರಿ', ಬರೆಯಲು 'ಅಪ್‌ಡೇಟ್' ಇರುತ್ತದೆ, ಪೋರ್ಟ್ 3030. ಎಚ್‌ಟಿಟಿಪಿ ಮೆಥಡ್ ಕೂಡ ಪೋಸ್ಟ್ ಅಂತ ನೀವೇ ಹೇಳಬೇಕು.

ಜಾಸ್ತಿ ಜನ ಎಡವುವುದು ಇಲ್ಲಿ, ನಾನೂ ಎಡವಿದ್ದೇನೆ. ಒಬ್ಬರ ಫೋನ್ ನಂಬರ್ ಬದಲಾಯಿತು ಅಂತ ಸುಮ್ನೆ ಇನ್ಸರ್ಟ್ ಮಾಡಿದೆ. ಹಳೆಯದು ಹೋಗಲಿಲ್ಲ, ಆ ವ್ಯಕ್ತಿಗೆ ಎರಡು ನಂಬರ್ ಆದವು! ಗ್ರಾಫ್‌ನಲ್ಲಿ ಪ್ರತಿ ಟ್ರಿಪಲ್ (ವ್ಯಕ್ತಿ, ಫೋನ್, ನಂಬರ್ ಥರ ಮೂರು ಭಾಗದ ಸಾಲು) ಒಂದು ಬೇರೆ ಮಾತು, ಹೊಸದು ಹಳೆಯದನ್ನು ಅಳಿಸುವುದಿಲ್ಲ. ಹಾಗಾಗಿ ಡಿಲೀಟ್, ಇನ್ಸರ್ಟ್, ವೇರ್ (ಹಳೆಯದನ್ನು ಹುಡುಕುವ ಭಾಗ) ಮೂರನ್ನೂ ಒಂದೇ ಅಪ್‌ಡೇಟ್‌ನಲ್ಲಿ ಬರೆಯಿರಿ. ಹಳೆಯ ನಂಬರ್ ಇಲ್ಲದಿರಬಹುದು ಅನಿಸಿದರೆ ವೇರ್ ಒಳಗೆ ಆ ಸಾಲನ್ನು ಆಪ್ಷನಲ್ ಮಾಡಿ. ಹಾಗೆ ಮಾಡದಿದ್ದರೆ, ಹಳೆಯದು ಇಲ್ಲದಾಗ ಹೊಸದೂ ಸೇರುವುದಿಲ್ಲ, ಎರರ್ ಕೂಡ ಬರುವುದಿಲ್ಲ.