ಗುರಿಯ ಹಾಳೆ ಖಾಲಿ ಕೊಟ್ಟ ಹುಡುಗಿ

ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲು. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.

ಒಂಬತ್ತನೇ ಕ್ಲಾಸಿನ ಸುಮಾ 'ನನ್ನ ಗುರಿ' ಹಾಳೆಯನ್ನು ಖಾಲಿ ವಾಪಸ್ ಕೊಟ್ಟಿದ್ದಳು. ಉಳಿದವರದ್ದೆಲ್ಲ ಗೋಡೆ ಮೇಲಿತ್ತು: ಡಾಕ್ಟರ್, ಇಂಜಿನಿಯರ್, ಐಎಎಸ್. "ಇವಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲ ಮೇಡಂ" ಅಂದರು ಗಣಿತದ ಮೇಷ್ಟ್ರು.

ನಾನು ಗುರಿಯ ಮಾತೇ ಎತ್ತಲಿಲ್ಲ. ಮನೆಗೆ ಹೋಗಿ ಏನು ಮಾಡ್ತೀಯ ಅಂತ ಕೇಳಿದೆ. ಅಡಿಕೆ ಸುಲಿತದ ಸಮಯ. ರಾತ್ರಿ ಯಾರು ಎಷ್ಟು ಡಬ್ಬ ಸುಲಿದರು, ಕೂಲಿ ಎಷ್ಟು, ಮುಂಗಡ ಎಷ್ಟು ಮುರಿಯಬೇಕು, ಎಲ್ಲ ಬರೆಯುವವಳು ಇವಳೇ. ಬ್ಯಾಗಿನಿಂದ ಆ ಪುಸ್ತಕ ತೆಗೆದು ತೋರಿಸಿದಳು. ಅಂಚಿಗೆಲ್ಲ ಅಡಿಕೆ ಚೊಗರಿನ ಕಲೆ. ಲೆಕ್ಕ ಒಂದೂ ತಪ್ಪಿರಲಿಲ್ಲ.

"ಮತ್ತೆ ಹಾಳೆ ಯಾಕೆ ಖಾಲಿ?"

"ಬರೆದರೆ ಗೋಡೆಗೆ ಅಂಟಿಸ್ತಾರೆ ಮೇಡಂ. ಆಗದಿದ್ದರೆ ಎಲ್ಲರಿಗೂ ಗೊತ್ತಾಗುತ್ತಲ್ಲ."

ಆಮೇಲೆ ನಿಧಾನಕ್ಕೆ ಹೇಳಿದಳು. ಬೋರ್ಡಿಗೆ ಕರೆದರೆ ಬೀಜಗಣಿತ ಪೂರ್ತಿ ಮರೆತುಹೋಗುತ್ತದೆ, ಅದೊಂದು ಸರಿಯಾದರೆ ಸಾಕು ಅಂತ. ಇದು ಗುರಿ ಅಲ್ವಾ? ಗೋಡೆ ಮೇಲಿದ್ದ ಎಷ್ಟೋ ಹಾಳೆಗಳಿಗಿಂತ ಗಟ್ಟಿ ಗುರಿ, ಯಾಕಂದ್ರೆ ಅವಳದ್ದೇ.

ಆಸೆಯ ಜೊತೆ ಯಾವಾಗ, ಎಲ್ಲಿ ಅನ್ನುವುದೂ ನಿಕ್ಕಿಯಾಗಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನದಲ್ಲಿ ವಿವರಿಸಿದ್ದು ಇದನ್ನೇ: 'ಹೀಗಾದಾಗ ಹೀಗೆ ಮಾಡುತ್ತೇನೆ' ಅಂತ ಮೊದಲೇ ಗಟ್ಟಿ ಮಾಡಿಕೊಂಡರೆ ಕೆಲಸ ಮುಂದೆ ಹೋಗುತ್ತದೆ. ಸುಮಾ ಬರೆದಳು: "ಸಂಜೆ ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಎರಡು ಲೆಕ್ಕ ಮಾಡುತ್ತೇನೆ. ಬಾರದಿದ್ದರೆ ಗುರುತು ಹಾಕಿ ಬೆಳಿಗ್ಗೆ ಮೇಷ್ಟ್ರಿಗೆ ತೋರಿಸುತ್ತೇನೆ." ಹತ್ತು ಲೆಕ್ಕ ಬರೀಲಾ ಅಂದಳು. ಬೇಡ ಅಂದೆ. ಸುಲಿತ ಮುಗಿಯುವ ತನಕ ರಾತ್ರಿ ಹೊತ್ತು ಅವಳ ಕೈಲಿಲ್ಲ.

ಮೇಷ್ಟ್ರಿಗೆ ಹೇಳಿದ್ದು: ಹಾಳೆಗಳನ್ನು ಗೋಡೆಯಿಂದ ತೆಗೆಯಿರಿ. ಗುರಿ ಮಕ್ಕಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿರಲಿ. ದೊಡ್ಡ ಕನಸು ಬರೆದವರಿಗೆ 'ಬೇಡ' ಅನ್ನಬೇಡಿ, 'ಈ ವಾರ ಅದಕ್ಕೆ ಏನು ಮಾಡ್ತೀಯ?' ಅಂತ ಕೇಳಿ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಎರಡು ನಿಮಿಷ ಕೂತು ಮಾತಾಡಿ. ಗುರಿ ಬದಲಿಸಿದರೆ ಬೈಯಬೇಡಿ. ಮತ್ತೆ, ಸುಮಾಳ ಆ ಪುಸ್ತಕವನ್ನೊಮ್ಮೆ ನೋಡಿ. ಒಂದು ಡಬ್ಬದ ದರವನ್ನು ಸುಲಿದ ಡಬ್ಬಗಳ ಸಂಖ್ಯೆಯಿಂದ ಗುಣಿಸಿ ಮುಂಗಡ ಕಳೆಯುವುದು ಬೀಜಗಣಿತವೇ ತಾನೆ?

ಅವರು ಬೋರ್ಡಿನ ಮೇಲೆ ಅದನ್ನೇ ಬರೆದು ಅವಳನ್ನು ಕರೆದರು. ಬಿಡಿಸಿದಳು. ಪಠ್ಯದ ಲೆಕ್ಕಗಳಲ್ಲಿ ಈಗಲೂ ತಡವರಿಸುತ್ತಾಳೆ, ಆದರೆ ಗುರುತು ಹಾಕಿದ್ದನ್ನು ತಾನಾಗೇ ಹೋಗಿ ಕೇಳುತ್ತಾಳೆ.